ತರಬೇತಿ ಮುಗಿಯಿತು, ಕೋರ್ಸ್ ಎಲ್ಲಿ?

ಪ್ರಶ್ನೆ: ನಾನು ಬೀದರ್ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸದ ಸಹ ಪ್ರಾಧ್ಯಾಪಕಿ. ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶ) ಸಂಯೋಜಕಿಯ ಹೊಣೆಯೂ ನನ್ನದೇ. ಕಳೆದ ವರ್ಷ ನಮ್ಮ ಬೋಧಕರಿಗೆ ಆನ್‌ಲೈನ್ ಕೋರ್ಸ್ ವಿನ್ಯಾಸದ ಬಗ್ಗೆ ಐದು ದಿನಗಳ ತರಬೇತಿ ಏರ್ಪಡಿಸಿದ್ದೆವು. ಹೊರಗಿನಿಂದ ಬಂದ ಸಂಪನ್ಮೂಲ ವ್ಯಕ್ತಿಗಳು ಗೂಗಲ್ ಫಾರ್ಮ್, ಕ್ಯಾನ್ವಾ, ಮೂಡಲ್ ಎಂಬ ಕಲಿಕಾ ತಂತ್ರಾಂಶ, ಪರದೆ ರೆಕಾರ್ಡ್ ಮಾಡುವ ವಿಧಾನ ಎಲ್ಲವನ್ನೂ ತೋರಿಸಿದರು. ಎಲ್ಲರಿಗೂ ಪ್ರಮಾಣಪತ್ರ ಸಿಕ್ಕಿತು. ಆರು ತಿಂಗಳ ಬಳಿಕ ಎಲ್‌ಎಂಎಸ್ (ಕಾಲೇಜಿನ ಆನ್‌ಲೈನ್ ಕಲಿಕಾ ವೇದಿಕೆ) ತೆರೆದರೆ ಹಳೆಯ ಪಿಪಿಟಿಗಳು, ಸ್ಕ್ಯಾನ್ ಮಾಡಿದ ಟಿಪ್ಪಣಿಗಳು, ಬೆರಳೆಣಿಕೆಯ ಮಕ್ಕಳಷ್ಟೇ ನೋಡಿದ 50 ನಿಮಿಷದ ಎರಡು ವಿಡಿಯೊಗಳು ಮಾತ್ರ ಇವೆ. ಹಿರಿಯರು ‘ನಿವೃತ್ತಿಯ ಹೊತ್ತಿಗೆ ನಮಗೇಕೆ ಇದು’ ಎನ್ನುತ್ತಾರೆ. ಅತಿಥಿ ಉಪನ್ಯಾಸಕರು, ಪಾಠ ರೆಕಾರ್ಡ್ ಮಾಡಿಕೊಟ್ಟರೆ ಮುಂದಿನ ವರ್ಷ ತಮ್ಮನ್ನು ಕರೆಯುವುದಿಲ್ಲ ಎಂದು ಹಿಂಜರಿಯುತ್ತಾರೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು, ಕನ್ನಡ ಮಾಧ್ಯಮದವರು. ಈಗ ಪ್ರಾಚಾರ್ಯರು ಮತ್ತೊಂದು ತರಬೇತಿ ಏರ್ಪಡಿಸಿ ಎನ್ನುತ್ತಿದ್ದಾರೆ. ಅದೇ ಕಥೆ ಮತ್ತೆ ಆಗದಂತೆ ಏನು ಮಾಡಬೇಕು? ಹೊರಗಿನ ಸ್ಟುಡಿಯೊಗೆ ವಹಿಸಿಬಿಡುವುದು ಒಳ್ಳೆಯದೇ? ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆಯ ಆನ್‌ಲೈನ್ ಕೋರ್ಸುಗಳನ್ನೇ ಬಳಸಿಕೊಂಡರೆ ಸಾಲದೇ? ಪ್ರಮಾಣಪತ್ರವನ್ನಾದರೂ ಯಾವಾಗ ಕೊಡಬೇಕು?

— ಹೆಸರು ಬೇಡ, ಬೀದರ್ ಜಿಲ್ಲೆ

ಉತ್ತರ: ಮೇಡಂ, ನೀವು ಹಲವು ಪ್ರಶ್ನೆ ಕೇಳಿದ್ದೀರಿ. ಎಲ್ಲದರ ಬುಡದಲ್ಲಿ ಇರುವುದು ಒಂದೇ: ಐದು ದಿನ ಕುಳಿತು ಕಲಿತವರು ಯಾಕೆ ಏನೂ ಮಾಡಲಿಲ್ಲ? ಸಹೋದ್ಯೋಗಿಗಳ ಸೋಮಾರಿತನವೇ ಕಾರಣವಿರಬಹುದೇ ಎಂಬ ಅನುಮಾನ ನಿಮಗಿದೆ ಎಂದು ಪತ್ರದ ಧಾಟಿ ಹೇಳುತ್ತದೆ. ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳಲ್ಲಿ ಬೋಧಕರಿಗೆ ಇದೇ ವಿಷಯ ಕಲಿಸುವುದು ನನ್ನ ವೃತ್ತಿ. ಆ ಅನುಭವದಿಂದ ಹೇಳುವುದಾದರೆ, ಅವರ ಮೇಲೆ ಸಿಟ್ಟಾಗುವ ಮೊದಲು ಆ ಐದು ದಿನಗಳ ವೇಳಾಪಟ್ಟಿಯನ್ನು ಒಮ್ಮೆ ತೆಗೆದು ನೋಡಿ. ಉದ್ಘಾಟನೆ, ಒಂದು ತಂತ್ರಾಂಶ, ಊಟ, ಇನ್ನೊಂದು ತಂತ್ರಾಂಶ, ಚಹಾ, ಕೊನೆಯ ದಿನ ಸಮಾರೋಪ. ಯಾರಾದರೂ ತಾವು ಕಲಿಸುವ ಪತ್ರಿಕೆಯ ಒಂದು ಘಟಕವನ್ನು ಕೈಗೆತ್ತಿಕೊಂಡು ಅದನ್ನು ಅಲ್ಲೇ ಕಟ್ಟಲು ವೇಳಾಪಟ್ಟಿಯಲ್ಲಿ ಒಂದು ಗಂಟೆಯಾದರೂ ಇತ್ತೇ? ಬಹುತೇಕ ಕಡೆ ಇರುವುದಿಲ್ಲ. ಉಪನ್ಯಾಸವನ್ನೇ ನೆಚ್ಚಿಕೊಳ್ಳಬೇಡಿ ಎಂದು ಐದು ದಿನ ಉಪನ್ಯಾಸ ಕೊಟ್ಟು ಕಳಿಸುತ್ತಾರೆ. ಬೋಧಕರು ಕೇಳಿದ್ದನ್ನು ಬಿಟ್ಟು ಕಂಡದ್ದನ್ನು ಅನುಸರಿಸಿದರು. ಸ್ಲೈಡ್ ಇಟ್ಟುಕೊಂಡು ಮಾತಾಡಿದರು, ಅದನ್ನು ರೆಕಾರ್ಡ್ ಮಾಡಿ ಏರಿಸಿದರು. ಆ ಲೆಕ್ಕದಲ್ಲಿ ತರಬೇತಿ ಪೂರ್ತಿ ಫಲಿಸಿದೆ.

ವಯಸ್ಸಿನ ಮಾತನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ಹುರುಳು ಕಡಿಮೆ. ಇಪ್ಪತ್ತೈದು ವರ್ಷ ಪಾಠ ಮಾಡಿದವರಿಗೆ ಮಕ್ಕಳು ಯಾವ ಮಾತಿನಲ್ಲಿ ಎಡವುತ್ತಾರೆ, ಯಾವ ಎರಡು ಸಂಗತಿಗಳನ್ನು ಸದಾ ಗೊಂದಲ ಮಾಡಿಕೊಳ್ಳುತ್ತಾರೆ ಎಂಬುದು ಕರಗತವಾಗಿರುತ್ತದೆ. ಕೋರ್ಸ್ ವಿನ್ಯಾಸದ ಮುಕ್ಕಾಲು ಭಾಗ ಆ ತಿಳಿವಳಿಕೆಯೇ. ಗುಂಡಿ ಒತ್ತುವುದು ಉಳಿದ ಕಾಲು ಭಾಗ. ಹಿರಿಯರು ‘ನಮಗೇಕೆ’ ಎನ್ನುವಾಗ ಬಹಳ ಸಲ ಅವರು ಹೇಳುತ್ತಿರುವುದು ‘ಕಿರಿಯರ ಎದುರು ತಡಕಾಡುವ ಫಜೀತಿ ಬೇಡ’ ಎಂದು. ಒಬ್ಬ ಹಿರಿಯರು, ಒಬ್ಬ ಕಿರಿಯರು ಜೋಡಿಯಾಗಿ ಒಂದು ಘಟಕ ಮಾಡಲಿ. ಮೊದಲವರು ಏನು ಬೇಕು ಎಂದು ಹೇಳಲಿ, ಎರಡನೆಯವರು ಅದನ್ನು ಪರದೆಗೆ ತರಲಿ. ಇನ್ನೊಂದು ಸಣ್ಣ, ಆದರೆ ಜೀವ ಹಿಂಡುವ ತೊಡಕನ್ನು ಯಾವ ಸಂಪನ್ಮೂಲ ವ್ಯಕ್ತಿಯೂ ಹೇಳುವುದಿಲ್ಲ. ನಮ್ಮ ಅಧ್ಯಾಪಕರ ಹಳೆಯ ಕನ್ನಡ ಟಿಪ್ಪಣಿಗಳು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ಅವು ಯೂನಿಕೋಡ್ (ಎಲ್ಲ ಸಾಧನಗಳೂ ಓದಬಲ್ಲ ಅಕ್ಷರ ಸಂಕೇತ) ಅಲ್ಲ. ಅವನ್ನು ಮೂಡಲ್‌ಗೋ ಗೂಗಲ್ ಫಾರ್ಮ್‌ಗೋ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಬರುತ್ತದೆ. ತನ್ನಿಂದಲೇ ಏನೋ ಕೆಟ್ಟಿತು ಎಂದುಕೊಂಡು ಮನುಷ್ಯ ಅಲ್ಲಿಗೇ ಕೈಬಿಡುತ್ತಾನೆ. ಪರಿವರ್ತಕ ತಂತ್ರಾಂಶ ಬಳಸಿ ಎಲ್ಲರ ಟಿಪ್ಪಣಿಗಳನ್ನು ಯೂನಿಕೋಡ್‌ಗೆ ತರುವ ಕೆಲಸವನ್ನು ಮೊದಲ ದಿನವೇ ಮಾಡಿ ಮುಗಿಸಿ. ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಕೆಡುತ್ತವೆ, ಒಮ್ಮೆ ಓದಿ ತಿದ್ದಬೇಕು. ಬರೀ ಇಷ್ಟರಿಂದಲೇ ಅರ್ಧ ಜನರ ಮುನಿಸು ಇಳಿದದ್ದನ್ನು ಕಂಡಿದ್ದೇನೆ.

ಈಗ ವಿಡಿಯೊ. ಆನ್‌ಲೈನ್ ಕೋರ್ಸ್ ಎಂದರೆ ವಿಡಿಯೊಗಳ ಸರಮಾಲೆ ಎಂಬ ನಂಬಿಕೆ 2020ರ ಲಾಕ್‌ಡೌನ್ ದಿನಗಳಲ್ಲಿ ಬೇರೂರಿತು. ಆಗ ಬೇರೆ ದಾರಿ ಇರಲಿಲ್ಲ, ತರಗತಿಯನ್ನು ಇದ್ದಂತೆಯೇ ಎತ್ತಿ ಜೂಮ್‌ಗೆ ಇಟ್ಟೆವು. ಆದರೆ ಅದು ವಿಪತ್ತಿನ ಏರ್ಪಾಡು, ವಿನ್ಯಾಸ ಮಾಡಿದ ಕೋರ್ಸ್ ಆಗಿರಲಿಲ್ಲ. 2017ರಲ್ಲಿ ಶುರುವಾದ ನಮ್ಮದೇ ದೇಶದ ಸ್ವಯಂ ವೇದಿಕೆ ನಾಲ್ಕು ಪಾದಗಳ ಚೌಕಟ್ಟನ್ನು ಇಟ್ಟುಕೊಂಡಿದೆ: ವಿಡಿಯೊ ಪಾಠ, ಓದುವ ಸಾಮಗ್ರಿ, ಚರ್ಚಾ ವೇದಿಕೆ, ಮೌಲ್ಯಮಾಪನ. ವಿಡಿಯೊ ನಾಲ್ಕರಲ್ಲಿ ಒಂದು. ನಿಮ್ಮ ಎಲ್‌ಎಂಎಸ್‌ನಲ್ಲಿ ಮೊದಲ ಎರಡಷ್ಟೇ ಇವೆ, ಅವೂ ಅರೆಬರೆ.

50 ನಿಮಿಷದ ವಿಡಿಯೊವನ್ನು ಯಾರೂ ನೋಡಲಿಲ್ಲವೆಂದರೆ ಮಕ್ಕಳನ್ನು ಬೈಯಬೇಕಾಗಿಲ್ಲ. 2014ರಲ್ಲಿ ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ವೇದಿಕೆಯ 69 ಲಕ್ಷ ವಿಡಿಯೊ ವೀಕ್ಷಣೆಗಳನ್ನು ವಿಶ್ಲೇಷಿಸಿದ ಸಂಶೋಧಕರಿಗೆ ಕಂಡದ್ದು ಇಷ್ಟು: ವಿಡಿಯೊ ಎಷ್ಟೇ ಉದ್ದವಿದ್ದರೂ ವೀಕ್ಷಕರು ಅದರ ಮುಂದೆ ನಿಲ್ಲುವ ಹೊತ್ತು ಸಾಮಾನ್ಯವಾಗಿ ಆರು ನಿಮಿಷ ದಾಟುವುದಿಲ್ಲ. ತರಗತಿಯಲ್ಲಿ ನೀವು ಮಕ್ಕಳ ಮುಖ ನೋಡಿ ಮಾತು ಬದಲಿಸುತ್ತೀರಿ, ಒಬ್ಬ ಹುಡುಗನನ್ನು ಎಬ್ಬಿಸಿ ಪ್ರಶ್ನೆ ಕೇಳುತ್ತೀರಿ, ಒಂದು ತಮಾಷೆ ಮಾಡುತ್ತೀರಿ. 50 ನಿಮಿಷವನ್ನು ಹಿಡಿದು ನಿಲ್ಲಿಸುವುದು ಅವು. ರೆಕಾರ್ಡಿಂಗ್‌ನಲ್ಲಿ ಅವೆಲ್ಲ ಸೋರಿಹೋಗಿ ಧ್ವನಿ ಮಾತ್ರ ಉಳಿಯುತ್ತದೆ. ಅದರ ಮೇಲೆ ಸ್ಲೈಡಿನಲ್ಲಿ ಇರುವುದನ್ನೇ ಅಕ್ಷರಶಃ ಓದುವ ಚಟ. ಒಂದೇ ವಾಕ್ಯ ಕಣ್ಣಿಗೂ ಕಿವಿಗೂ ಏಕಕಾಲಕ್ಕೆ ಬಂದಾಗ ಮನಸ್ಸು ಅವೆರಡನ್ನೂ ತಾಳೆ ನೋಡುವುದರಲ್ಲೇ ದಣಿಯುತ್ತದೆ ಎಂದು ರಿಚರ್ಡ್ ಮೇಯರ್ ಎಂಬ ಮನೋವಿಜ್ಞಾನಿ ಹಲವು ಪ್ರಯೋಗಗಳಿಂದ ತೋರಿಸಿದ್ದಾರೆ. ಪರದೆಯಲ್ಲಿ ಚಿತ್ರ ಅಥವಾ ನಕ್ಷೆ ಇರಲಿ, ಮಾತು ಬಾಯಲ್ಲಿರಲಿ.

ಹಾಗೆಂದು 50 ನಿಮಿಷವನ್ನು ಕತ್ತರಿಸಿ ಎಂಟು ತುಂಡು ಮಾಡಿದರೆ ಎಂಟು ತುಂಡು ಬೇಸರ ಸಿಗುತ್ತದೆ. ಐಐಟಿ ಬಾಂಬೆಯವರು ಅಧ್ಯಾಪಕರ ತರಬೇತಿಗಾಗಿ ರೂಪಿಸಿದ ಕಲಿಯುವವರ ಕೇಂದ್ರಿತ ಮಾದರಿಯಲ್ಲಿ ಒಂದು ಸರಳ ಉಪಾಯವಿದೆ. ಚಿಕ್ಕ ವಿಡಿಯೊ ನಡುವೆ ನಿಲ್ಲುತ್ತದೆ. ಅಧ್ಯಾಪಕರು ಒಂದು ಪ್ರಶ್ನೆ ಕೇಳಿ, ‘ಇಲ್ಲಿ ನಿಲ್ಲಿಸಿ, ಯೋಚಿಸಿ, ಬರೆದು ಆಮೇಲೆ ಮುಂದೆ ಹೋಗಿ’ ಎನ್ನುತ್ತಾರೆ. ಮುಂದಿನ ಭಾಗ ಶುರುವಾಗುವುದೇ ಮಕ್ಕಳು ಕೊಡಬಹುದಾದ ಉತ್ತರಗಳಿಂದ. ನಿಮ್ಮ ಸಹೋದ್ಯೋಗಿಗಳಿಗೆ ಇದನ್ನು ಮಾಡಿಸಿ ನೋಡಿ. ಮಕ್ಕಳ ಉತ್ತರ ಏನಿರಬಹುದು ಎಂದು ಮೊದಲೇ ಊಹಿಸಬೇಕಾಗುವುದರಿಂದ ಅವರು ತಾವಾಗಿಯೇ ವಿನ್ಯಾಸಕಾರರಾಗುತ್ತಾರೆ. ಇಲ್ಲಿಯೂ ಹಿರಿಯರದೇ ಮೇಲುಗೈ.

ಹಾಗಾದರೆ ಕೆಲಸ ಎಲ್ಲಿಂದ ಶುರು ಮಾಡಬೇಕು? ಕೊನೆಯಿಂದ. ನೀವು ಇತಿಹಾಸದವರು, ಬೀದರಿನವರು. ಹಾಗಾಗಿ ಬಹಮನಿ ಘಟಕವನ್ನೇ ತೆಗೆದುಕೊಳ್ಳುತ್ತೇನೆ. ಈಗ ಎಲ್‌ಎಂಎಸ್‌ನಲ್ಲಿ ಹೇಗಿರುತ್ತದೆ? 1347ರಲ್ಲಿ ರಾಜ್ಯ ಸ್ಥಾಪನೆ, ಸುಲ್ತಾನರ ಪಟ್ಟಿ, ರಾಜಧಾನಿ ಕಲಬುರಗಿಯಿಂದ ಬೀದರಿಗೆ ಹೋದದ್ದು, ಮಂತ್ರಿ ಮಹಮೂದ್ ಗವಾನನ ಸುಧಾರಣೆಗಳು, 1472ರ ಮದರಸಾ, ಕೊನೆಗೆ ‘ಗವಾನನ ಕುರಿತು ಟಿಪ್ಪಣಿ ಬರೆಯಿರಿ’. ಇದನ್ನು ತಿರುಗಿಸಿ. ಘಟಕ ಮುಗಿದಾಗ ವಿದ್ಯಾರ್ಥಿನಿಯ ಕೈಯಿಂದ ಏನಾಗಬೇಕು ಎಂದು ಮೊದಲು ಬರೆಯಿರಿ. ಉದಾಹರಣೆಗೆ, ‘ಅಹಮದ್ ಶಾಹ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಏಕೆ ಒಯ್ದ ಎಂಬುದಕ್ಕೆ ಕನಿಷ್ಠ ಎರಡು ಕಾರಣಗಳನ್ನು ಆಧಾರ ಸಹಿತ ವಾದಿಸಿ, ಅವುಗಳಲ್ಲಿ ಯಾವುದು ಹೆಚ್ಚು ಬಲವಾದದ್ದು ಎಂದು ತೀರ್ಮಾನಿಸಬೇಕು.’ ಈ ಒಂದು ವಾಕ್ಯ ಬರೆದ ಮೇಲೆ ಉಳಿದದ್ದೆಲ್ಲ ತಾನಾಗಿ ಕೇಳಿಕೊಂಡು ಬರುತ್ತದೆ. ವಾದಿಸಲು ಆಧಾರ ಬೇಕು: ಪ್ರಸ್ಥಭೂಮಿಯ ಅಂಚಿನಲ್ಲಿರುವ ಬೀದರಿನ ಭೂಗೋಳ ತೋರಿಸುವ ನಕ್ಷೆ, ನೌಬಾದ್ ಕಡೆಯ ಕರೇಜ್ ಎಂಬ ಸುರಂಗ ಕಾಲುವೆ ನೆಲದಡಿಯಿಂದ ನೀರು ತಂದ ಬಗೆಯ ಒಂದು ರೇಖಾಚಿತ್ರ, ಆಸ್ಥಾನದ ಬಣ ರಾಜಕೀಯದ ಕುರಿತು ಎರಡು ಪುಟ ಓದು. ಸುಲ್ತಾನರ ಪೂರ್ತಿ ಪಟ್ಟಿ ಬೇಕೇ? ಈ ಕೆಲಸಕ್ಕೆ ಬೇಡ, ಅದು ಒಂದು ಕೋಷ್ಟಕದಲ್ಲಿ ಮೂಲೆಗೆ ಹೋಗಲಿ. ವಿಡಿಯೊ ಬೇಕೇ? ಬಹುಶಃ ಒಂದು, ಐದು ನಿಮಿಷದ್ದು. ಕೋಟೆಯ ಮೇಲೆ ನಿಂತು ಸುತ್ತಲಿನ ಇಳಿಜಾರನ್ನು ಮೊಬೈಲಿನಲ್ಲಿ ಸೆರೆ ಹಿಡಿದದ್ದು ಸಾಕು.

ಗವಾನನ ಕಾಲಕ್ಕೆ ಬಂದಾಗ ಇನ್ನೊಂದು ಸೊಗಸಾದ ಕೆಲಸ ಕೊಡಬಹುದು. 15ನೇ ಶತಮಾನದಲ್ಲಿ ರಷ್ಯಾದ ವರ್ತಕ ಅಫನಾಸಿ ನಿಕಿತಿನ್ ಬೀದರಿಗೆ ಬಂದಿದ್ದ. ಸರದಾರರ ವೈಭವವನ್ನೂ ಹಳ್ಳಿಗರ ದೈನ್ಯವನ್ನೂ ಕಂಡು ಬರೆದಿಟ್ಟಿದ್ದಾನೆ. ಆ ಭಾಗದ ಕನ್ನಡ ಸಾರಾಂಶವನ್ನು ಅರ್ಧ ಪುಟ ಕೊಟ್ಟು, ‘ಮದರಸಾದ ಎದುರು ನಿಂತ ಪ್ರವಾಸಿಗೆ ಯಾವ ಬೀದರ್ ಕಾಣುತ್ತದೆ, ಯಾವುದು ಕಾಣುವುದಿಲ್ಲ?’ ಎಂದು ಚರ್ಚಾ ವೇದಿಕೆಯಲ್ಲಿ ಕೇಳಿ. ಇಂಥ ಪ್ರಶ್ನೆಗೆ ಇನ್ನೊಂದು ಲಾಭವೂ ಇದೆ. ‘ಟಿಪ್ಪಣಿ ಬರೆಯಿರಿ’ ಎಂದರೆ ಚಾಟ್‌ಜಿಪಿಟಿ ಕ್ಷಣದಲ್ಲಿ ಬರೆದುಕೊಡುತ್ತದೆ, ತರಗತಿಯ ವಾಟ್ಸ್‌ಆ್ಯಪ್ ಗುಂಪು ಅದನ್ನು ಎಲ್ಲರಿಗೂ ಹಂಚುತ್ತದೆ. ‘ನಿಮ್ಮ ಊರಿನ ಹಳೆಯ ಬಾವಿಯ ಫೋಟೊ ತೆಗೆದು, ಅದರ ನೀರಿನ ಏರ್ಪಾಡನ್ನು ಕರೇಜ್ ಜೊತೆ ಹೋಲಿಸಿ’ ಎಂದರೆ ನಕಲು ಅಸಾಧ್ಯವೇನಲ್ಲ, ಆದರೆ ತ್ರಾಸದಾಯಕ. ನಕಲಿಗಿಂತ ಬರೆಯುವುದೇ ಸುಲಭ ಎನ್ನಿಸುವಂತೆ ಪ್ರಶ್ನೆ ಇರಬೇಕು.

ಕಿರುಪರೀಕ್ಷೆಯ ಬಗ್ಗೆ ಒಂದು ಮಾತು. ಅಂಕ ಕೊಡುವುದಕ್ಕಷ್ಟೇ ಪರೀಕ್ಷೆ ಎಂಬ ರೂಢಿ ನಮ್ಮದು. ಮತ್ತೆ ಮತ್ತೆ ಓದಿದವರಿಗಿಂತ, ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಉತ್ತರಿಸಿದವರಿಗೆ ವಾರದ ನಂತರವೂ ಹೆಚ್ಚು ನೆನಪಿರುತ್ತದೆ ಎಂದು ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ತೋರಿಸಿದರು. ಆದ್ದರಿಂದ ಪ್ರತಿ ಸಣ್ಣ ಭಾಗಕ್ಕೂ ನಾಲ್ಕೈದು ಪ್ರಶ್ನೆಗಳಿರಲಿ, ಅಂಕ ಬೇಡ, ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದು ಎಂದಿರಲಿ. ತಪ್ಪು ಉತ್ತರ ಆರಿಸಿದಾಗ ಬರೀ ‘ತಪ್ಪು’ ಎನ್ನದೆ, ಏಕೆ ತಪ್ಪು ಎಂದು ಎರಡು ಸಾಲು ಬರಲಿ. ಆ ಎರಡು ಸಾಲು ಬರೆಯುವುದೇ ತರಬೇತಿಯಲ್ಲಿ ಅತ್ಯಂತ ಕಷ್ಟದ ಕೆಲಸ. ಎಲ್ಲರೂ ತಪ್ಪಿಸಿಕೊಳ್ಳಲು ನೋಡುತ್ತಾರೆ, ಬಿಡಬೇಡಿ.

ಇನ್ನು ತರಬೇತಿಯ ರೂಪ. ಐದು ದಿನ, ದಿನಕ್ಕೆ ಆರು ಗಂಟೆ ಎಂಬುದನ್ನು ಮುರಿಯಿರಿ. ಅದೇ ಮೂವತ್ತು ಗಂಟೆಯನ್ನು ಆರು ವಾರಕ್ಕೆ ಹಂಚಿ. ವಾರಕ್ಕೊಮ್ಮೆ ಎರಡು ಗಂಟೆ ಮುಖಾಮುಖಿ ಕೂಟ, ಉಳಿದ ಮೂರು ಗಂಟೆ ಅವರವರ ಬಿಡುವಿನಲ್ಲಿ, ಎಲ್‌ಎಂಎಸ್ ಮೇಲೆಯೇ. ತರಬೇತಿಯೇ ಒಂದು ಆನ್‌ಲೈನ್ ಕೋರ್ಸ್ ಆಗಿರಲಿ, ಬೋಧಕರು ಅದರಲ್ಲಿ ವಿದ್ಯಾರ್ಥಿಗಳಾಗಿರಲಿ. ಇದು ನನ್ನ ಹಟ ಎಂದೇ ತಿಳಿಯಿರಿ. ಮೊದಲ ವಾರ ಯಾರಿಗೂ ಏನನ್ನೂ ಕಟ್ಟುವ ಕೆಲಸ ಬೇಡ. ತಮ್ಮದಲ್ಲದ ವಿಷಯದ ಒಂದು ಪುಟ್ಟ ಘಟಕವನ್ನು ಅವರು ಕಲಿಯಲಿ: ವಾಣಿಜ್ಯದವರು ಸಸ್ಯಶಾಸ್ತ್ರ, ಕನ್ನಡದವರು ಸಂಖ್ಯಾಶಾಸ್ತ್ರ. ಕಾಲೇಜಿನ ವೈಫೈ ಬಳಸುವಂತಿಲ್ಲ, ತಮ್ಮ ಮೊಬೈಲು, ತಮ್ಮ ಡೇಟಾ. ಭಾನುವಾರ ರಾತ್ರಿ ಗಡುವು. ಸೋಮವಾರದ ಕೂಟದಲ್ಲಿ ಬರುವ ದೂರುಗಳನ್ನು ಕೇಳಬೇಕು! ಎಲ್ಲಿ ಒತ್ತಬೇಕೋ ತಿಳಿಯಲಿಲ್ಲ, ಕಡತ ತೆರೆಯಲಿಲ್ಲ, ವೇದಿಕೆಯಲ್ಲಿ ಪ್ರಶ್ನೆ ಕೇಳಿದೆ ಯಾರೂ ಉತ್ತರಿಸಲಿಲ್ಲ, ಮನೆಯಲ್ಲಿ ನೆಂಟರು ಬಂದಿದ್ದರು, ಗಡುವು ವಿಸ್ತರಿಸಿ. ಆ ದೂರುಗಳನ್ನು ಹಲಗೆಯ ಮೇಲೆ ಬರೆದಿಡಿ. ಒಳ್ಳೆಯ ಕೋರ್ಸಿಗೆ ಬೇಕಾದ ನಿಯಮಗಳೆಲ್ಲ ಅಲ್ಲೇ ಇರುತ್ತವೆ, ಬೋಧಕರ ಮಾತಿನಲ್ಲೇ. ‘ಉತ್ತರಿಸುವ ಅಧ್ಯಾಪಕರು ಅಲ್ಲಿ ಇದ್ದಾರೆ’ ಎಂಬ ಭಾವನೆ ಇಲ್ಲದಿದ್ದರೆ ಆನ್‌ಲೈನ್ ಕೋರ್ಸ್ ಸತ್ತಂತೆ ಎಂದು ನಾನು ಗಂಟೆಗಟ್ಟಲೆ ಹೇಳುವುದು ಬೇಕಾಗಿಲ್ಲ.

ಎರಡನೆಯ ವಾರ ಒಂದೇ ಒಂದು ಘಟಕ ಆರಿಸಿಕೊಂಡು, ಮೇಲೆ ಹೇಳಿದಂತೆ ಕೊನೆಯ ಕೆಲಸವನ್ನು ಬರೆಯುವುದು. ಇಡೀ ನಾಲ್ಕು ಕ್ರೆಡಿಟ್ ಪತ್ರಿಕೆಗೆ ಕೈ ಹಾಕಲು ಬಿಡಬೇಡಿ, ಉತ್ಸಾಹಿಗಳು ಮುಗ್ಗರಿಸುವುದೇ ಅಲ್ಲಿ. ಮೂರರಲ್ಲಿ ಚಟುವಟಿಕೆ, ಪ್ರಶ್ನೆಗಳು. ನಾಲ್ಕರಲ್ಲಿ ಸಾಮಗ್ರಿ, ಅದೂ ಈಗಾಗಲೇ ಸಿಗುವುದನ್ನು ಮೊದಲು ಹುಡುಕಿ, ಸಿಗದಿದ್ದರೆ ಮಾತ್ರ ಹೊಸದಾಗಿ ಮಾಡುವುದು. ಐದನೆಯ ವಾರವನ್ನು ಯಾರೂ ಮಾಡುವುದಿಲ್ಲ, ಆದರೆ ಅದೇ ಮುಖ್ಯ. ನಾಲ್ಕು ವಿದ್ಯಾರ್ಥಿಗಳನ್ನು ಕರೆದು ಅವರ ಫೋನಿನಲ್ಲಿ ಆ ಘಟಕವನ್ನು ತೆರೆಯಲು ಹೇಳಿ. ಅಧ್ಯಾಪಕರು ಪಕ್ಕದಲ್ಲಿ ಕುಳಿತು ನೋಡಬೇಕು, ಒಂದು ಮಾತೂ ಆಡಬಾರದು. ‘ಕೆಳಗಿನ ಗುಂಡಿ ಒತ್ತಪ್ಪ’ ಎಂಬ ಮಾತು ನಾಲಿಗೆಯ ತುದಿಗೆ ಬಂದ ಕ್ಷಣದಲ್ಲೇ ವಿನ್ಯಾಸ ಎಲ್ಲಿ ಕೆಟ್ಟಿದೆ ಎಂದು ಅವರಿಗೆ ತಿಳಿಯುತ್ತದೆ. ಆರನೆಯ ವಾರ ತಿದ್ದುವುದು.

ಈ ವೇಳಾಪಟ್ಟಿಯನ್ನು ಏಪ್ರಿಲ್, ಮೇಗೆ ಹಾಕಬೇಡಿ. ಆ ಎರಡು ತಿಂಗಳು ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಮಧ್ಯಾಹ್ನ ಮೂರಕ್ಕೆ ಕಂಪ್ಯೂಟರ್ ಕೊಠಡಿಯಲ್ಲಿ ಕರೆಂಟು ಹೋದರೆ ಕಲಿಕೆಯ ಮಾತು ಹಾಗಿರಲಿ, ಜನರನ್ನು ಹಿಡಿದು ಕೂರಿಸುವುದೇ ಪಾಪ. ಮೌಲ್ಯಮಾಪನ ಶಿಬಿರದ ದಿನಗಳೂ ಬೇಡ. ಸೆಮಿಸ್ಟರ್ ಶುರುವಾದ ಎರಡನೆಯ ವಾರದಿಂದ ಆರಂಭಿಸಿದರೆ ಕಟ್ಟಿದ ಘಟಕವನ್ನು ಅದೇ ಸೆಮಿಸ್ಟರಿನಲ್ಲಿ ಓಡಿಸಬಹುದು. ಮತ್ತು ಸಮಯವನ್ನು ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಇದ್ದೇ ಇದೆ. ವಾರಕ್ಕೆ 16 ಗಂಟೆ ಪಾಠ, ನ್ಯಾಕ್ (ಕಾಲೇಜು ಮೌಲ್ಯಾಂಕನ) ಕಡತ, ಚುನಾವಣೆಯ ಕೆಲಸ, ಎಲ್ಲದರ ಮೇಲೆ ಇದನ್ನೂ ಹೇರಿದರೆ ಪಿಪಿಟಿಗಳೇ ಬರುತ್ತವೆ. ಆರು ವಾರಗಳ ಮಟ್ಟಿಗಾದರೂ ಸಮಿತಿ ಕೆಲಸಗಳಿಂದ ಬಿಡುವು ಕೊಡಿ ಎಂದು ಪ್ರಾಚಾರ್ಯರನ್ನು ಕೇಳಿ. ಒಪ್ಪದಿದ್ದರೆ ಅವರಿಗೆ ಇನ್ನೊಂದು ಮಾತು ನೆನಪಿಸಬಹುದು: ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಬೋಧಕರಿಗಿರುವ ಅಂಕಪಟ್ಟಿಯಲ್ಲಿ ನಾಲ್ಕು ಪಾದಗಳ, ನಾಲ್ಕು ಕ್ರೆಡಿಟ್‌ಗಳ ಪೂರ್ಣ ‘ಮೂಕ್’ (ಎಲ್ಲರಿಗೂ ತೆರೆದ ಆನ್‌ಲೈನ್) ಕೋರ್ಸ್ ರೂಪಿಸಿದ್ದಕ್ಕೆ 20 ಅಂಕಗಳಿವೆ. ಬಡ್ತಿಯ ಆಸೆ ಕೀಳಲ್ಲ, ಅದನ್ನೂ ಎಳೆದುಕೊಳ್ಳಿ.

ವಿದ್ಯಾರ್ಥಿಗಳ ನೆಟ್‌ವರ್ಕ್ ವಿಷಯದಲ್ಲಿ ಎರಡು ಅತಿಗಳಿವೆ. ‘ಹಳ್ಳಿ ಮಕ್ಕಳಿಗೆ ಇದೆಲ್ಲ ಆಗದು’ ಎಂಬುದು ಒಂದು, ‘ಈಗ ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇದೆ’ ಎಂಬುದು ಇನ್ನೊಂದು. ಫೋನು ಮನೆಗೊಂದು ಇರಬಹುದು, ಅದು ಅಣ್ಣನ ಜೇಬಿನಲ್ಲಿರಬಹುದು. ಹುಡುಗಿಯ ಕೈಗೆ ರಾತ್ರಿ ಒಂದು ಗಂಟೆ ಸಿಗಬಹುದು. ಹಾಗಾಗಿ ನಿಗದಿತ ಹೊತ್ತಿಗೆ ಎಲ್ಲರೂ ಸೇರಬೇಕಾದ ನೇರ ತರಗತಿಯನ್ನು ಆದಷ್ಟು ಬಿಟ್ಟು, ವಾರದೊಳಗೆ ಯಾವಾಗಲಾದರೂ ಮಾಡಬಹುದಾದ ಕೆಲಸ ಕೊಡಿ. ತೂಕ ಕಡಿಮೆ ಇಡಿ: 720ಪಿ ಗುಣಮಟ್ಟದ ಹತ್ತು ನಿಮಿಷದ ವಿಡಿಯೊ ನೂರು ಎಂಬಿ ದಾಟುವುದು ಸಾಮಾನ್ಯ, 64 ಕಿಲೋಬಿಟ್‌ನಲ್ಲಿ ಉಳಿಸಿದ ಹತ್ತು ನಿಮಿಷದ ಧ್ವನಿ ಐದು ಎಂಬಿಯೊಳಗೆ ಮುಗಿಯುತ್ತದೆ. ಧ್ವನಿಯ ಜೊತೆ ಒಂದು ನಕ್ಷೆಯ ಚಿತ್ರ ಕೊಟ್ಟರೆ ಎಷ್ಟೋ ಪಾಠಗಳಿಗೆ ಅದೇ ಹೆಚ್ಚು. ಮೂಡಲ್ ಆ್ಯಪ್‌ನಲ್ಲಿ ಸಾಮಗ್ರಿಯನ್ನು ಕಾಲೇಜಿನಲ್ಲೇ ಇಳಿಸಿಕೊಂಡು ನೆಟ್ ಇಲ್ಲದ ಬಸ್ಸಿನಲ್ಲಿ ನೋಡುವ ಅನುಕೂಲವಿದೆ. ಅದನ್ನು ಮೊದಲ ತರಗತಿಯಲ್ಲೇ ಮಕ್ಕಳಿಗೆ ತೋರಿಸಿಕೊಡಿ. ಸೋಯಾ ರಾಶಿ, ತೊಗರಿ ರಾಶಿಯ ದಿನಗಳಲ್ಲಿ ಗಡುವು ಹಾಕಬೇಡಿ.

ನಿಮ್ಮ ಮುಂದಿರುವ ಬೇರೆ ದಾರಿಗಳನ್ನೂ ನೋಡೋಣ. ಸ್ವಯಂ ಕೋರ್ಸುಗಳನ್ನು ಬಳಸುವುದಕ್ಕೆ ನಿಯಮದ ಅಡ್ಡಿಯಿಲ್ಲ. ಯುಜಿಸಿಯ 2021ರ ನಿಯಮಗಳ ಪ್ರಕಾರ ಒಂದು ಸೆಮಿಸ್ಟರಿನ ಶೇ. 40ರವರೆಗಿನ ಕೋರ್ಸುಗಳನ್ನು ಅಲ್ಲಿಂದ ತೆಗೆದುಕೊಳ್ಳಲು ವಿಶ್ವವಿದ್ಯಾಲಯ ಅನುಮತಿಸಬಹುದು. ನೋಂದಣಿ ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಶುಲ್ಕವಿದೆ, ಪರೀಕ್ಷಾ ಕೇಂದ್ರಕ್ಕೆ ಹೋಗಬೇಕು. ತೊಡಕು ಭಾಷೆಯದು: ಹೆಚ್ಚಿನ ಕೋರ್ಸುಗಳು ಇಂಗ್ಲಿಷಿನಲ್ಲಿವೆ. ಇನ್ನೂ ದೊಡ್ಡ ತೊಡಕು, ಒಂಟಿಯಾಗಿ ಕಲಿಯುವವರು ಉದುರಿಹೋಗುವುದು. ಎಂಐಟಿ, ಹಾರ್ವರ್ಡ್‌ನಂಥ ಹೆಸರಿನ ಮುಕ್ತ ಕೋರ್ಸುಗಳಲ್ಲೇ 2017–18ರಲ್ಲಿ ಸೇರಿದವರ ಪೈಕಿ ಪೂರ್ಣಗೊಳಿಸಿದವರು ಶೇ. 3ರಷ್ಟು ಮಾತ್ರ. ಸ್ವಯಂ ಕೋರ್ಸನ್ನು ಮಕ್ಕಳ ತಲೆಗೆ ಕಟ್ಟಿ ಕೈತೊಳೆದುಕೊಂಡರೆ ಬೀದರಿನಲ್ಲಿ ಬೇರೇನೂ ಆಗುವುದಿಲ್ಲ. ಅದನ್ನು ಆಕರವಾಗಿ ಇಟ್ಟುಕೊಂಡು, ವಾರಕ್ಕೊಂದು ಗಂಟೆ ಕನ್ನಡದಲ್ಲಿ ಚರ್ಚೆ ನಡೆಸುವ ಅಧ್ಯಾಪಕರು ಇದ್ದರೆ ಒಳ್ಳೆಯ ದಾರಿಯೇ. ಸ್ವಂತ ಕೋರ್ಸ್ ಕಟ್ಟಲು ಶಕ್ತಿಯಿಲ್ಲದ ವಿಭಾಗಗಳು ಇಲ್ಲಿಂದ ಶುರು ಮಾಡಲಿ.

ಸ್ಟುಡಿಯೊಗೆ ವಹಿಸುವುದು ಬಾಡಿಗೆ ಶೇರ್ವಾನಿ ತೊಟ್ಟಂತೆ: ಫೋಟೊದಲ್ಲಿ ಚಂದ, ಬಿಗಿಯಾದರೆ ಬಿಚ್ಚಿ ಹೊಲಿಸುವ ಹಾಗಿಲ್ಲ. ನಮ್ಮ ರಾಜ್ಯದಲ್ಲಿ ಪದವಿ ಪಠ್ಯಕ್ರಮ 2021ರಲ್ಲಿ ಬದಲಾಯಿತು, 2024ರಲ್ಲಿ ಮತ್ತೆ ಬದಲಾಯಿತು. ಸಂಗೀತ, ಶೀರ್ಷಿಕೆ ಸಹಿತ ಸಿದ್ಧವಾದ ವಿಡಿಯೊದಲ್ಲಿ ‘ಘಟಕ ಮೂರು’ ಎಂದು ಹೇಳಿದ್ದರೆ ಅದನ್ನು ತಿದ್ದಲು ಮತ್ತೆ ಹಣ ತೆರಬೇಕು. ಕೊಡಲೇಬೇಕಾದರೆ ಧ್ವನಿಮುದ್ರಣ, ಸಂಕಲನವನ್ನಷ್ಟೇ ಕೊಡಿ. ಪ್ರಶ್ನೆ, ಚಟುವಟಿಕೆ ನಿಮ್ಮ ಕೈಯಲ್ಲಿರಲಿ. ಮೂಲ ಕಡತಗಳೆಲ್ಲ ಕಾಲೇಜಿಗೆ ಸೇರಬೇಕೆಂದು ಒಪ್ಪಂದದಲ್ಲಿ ಬರೆಸಿ.

ಮೂರನೆಯ ದಾರಿಯೂ ಇದೆ. ಇಬ್ಬರು ಮೂವರನ್ನು ಮಾಳವೀಯ ಮಿಷನ್ ಎಂಬ ಅಧ್ಯಾಪಕ ತರಬೇತಿ ಯೋಜನೆಯ ಕೇಂದ್ರಗಳ ಆನ್‌ಲೈನ್ ತರಬೇತಿಗೆ ಕಳಿಸಿ, ಅವರಿಂದ ಉಳಿದವರಿಗೆ ಕಲಿಸುವುದು. ಅಗ್ಗದ ದಾರಿ. ಆದರೆ ಸರ್ಕಾರಿ ಕಾಲೇಜಾದರೆ ಮುಂದಿನ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಆ ಮೂವರೂ ಹೊರಟುಹೋಗಬಹುದು. ಕಲಿತದ್ದು ಒಬ್ಬರ ತಲೆಯಲ್ಲಿ ಉಳಿಯದೆ ಕಾಲೇಜಿನ ಎಲ್‌ಎಂಎಸ್‌ನಲ್ಲಿ ಒಂದು ಮಾದರಿ ಘಟಕವಾಗಿ ಉಳಿದರೆ ಮಾತ್ರ ಇದಕ್ಕೆ ಅರ್ಥ. ನನ್ನ ಸಲಹೆ ಕೇಳಿದರೆ, ಆಸಕ್ತಿ ಇರುವ ಆರೇಳು ಜೋಡಿಗಳನ್ನು ಮಾತ್ರ ಆರಿಸಿಕೊಂಡು ಆರು ವಾರದ ತರಬೇತಿ ಮಾಡಿ. ಎಲ್ಲರನ್ನೂ ಕಡ್ಡಾಯವಾಗಿ ಕೂರಿಸುವುದರಿಂದ ಹಾಜರಿ ಸಿಗುತ್ತದೆ, ಅಷ್ಟೇ.

ಅತಿಥಿ ಉಪನ್ಯಾಸಕರ ಭಯವನ್ನು ನೀವು ಒಂದು ಸಾಲಿನಲ್ಲಿ ಬರೆದಿದ್ದೀರಿ. ಅದಕ್ಕೆ ಹೆಚ್ಚು ಜಾಗ ಸಲ್ಲಬೇಕು. ಆ ಭಯ ಹುಸಿಯಲ್ಲ. ಪ್ರತಿ ವರ್ಷ ಹೊಸದಾಗಿ ಆಯ್ಕೆಯಾಗಬೇಕಾದವರು ತಮ್ಮ ಇಡೀ ವರ್ಷದ ಪಾಠವನ್ನು ಧ್ವನಿ ಸಮೇತ ಸಂಸ್ಥೆಗೆ ಕೊಟ್ಟು ಹೋಗಬೇಕೆಂದರೆ ಯಾರಾದರೂ ಹಿಂಜರಿಯುತ್ತಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಸೇವಾ ಒಪ್ಪಂದದ ಉದ್ಯೋಗದ ಭಾಗವಾಗಿ ಮಾಡಿದ ಕೃತಿಯ ಮೊದಲ ಒಡೆಯ ಉದ್ಯೋಗದಾತ, ಬೇರೆ ಕರಾರು ಇಲ್ಲದಿದ್ದರೆ. ಅತಿಥಿ ಉಪನ್ಯಾಸಕರ ನೇಮಕ ಅಂಥ ಒಪ್ಪಂದವೇ ಎಂಬುದು ವಾದಕ್ಕೆ ಎಡೆಯಿರುವ ವಿಷಯ. ಅದೇ ಕಾಯ್ದೆ ‘ಪ್ರದರ್ಶಕ’ ಎಂಬ ಮಾತಿನ ವ್ಯಾಖ್ಯಾನದಲ್ಲಿ ಹಾಡುಗಾರ, ಜಾದೂಗಾರ, ಹಾವಾಡಿಗರ ಸಾಲಿನಲ್ಲೇ ಉಪನ್ಯಾಸ ನೀಡುವವರನ್ನೂ ಸೇರಿಸಿದೆ. ಈ ಸಾಲನ್ನು ತರಬೇತಿಯಲ್ಲಿ ಓದಿದಾಗ ನಗು ಏಳುತ್ತದೆ, ಆದರೆ ನಮ್ಮ ಹಕ್ಕೂ ಅಲ್ಲೇ ಇದೆ. ಆದ್ದರಿಂದ ರೆಕಾರ್ಡಿಂಗ್ ಶುರುವಾಗುವ ಮೊದಲೇ ಒಂದು ಪುಟದ ಕರಾರು ಮಾಡಿಕೊಳ್ಳಿ: ಯಾವ ಅವಧಿಗೆ, ಯಾವ ತರಗತಿಗೆ ಬಳಕೆ, ಅವರ ಹೆಸರು ಎಲ್ಲಿರುತ್ತದೆ, ಅವರು ಕಾಲೇಜು ಬಿಟ್ಟ ಮೇಲೆ ಏನು, ಇದಕ್ಕೆ ಪ್ರತ್ಯೇಕ ಸಂಭಾವನೆ ಎಷ್ಟು. ಸಂಭಾವನೆ ಕೊಡಲಾಗದಿದ್ದರೆ ಅವರ ಧ್ವನಿ, ಮುಖ ಕೇಳಬೇಡಿ. ಪ್ರಶ್ನೆ, ಚಟುವಟಿಕೆಗಳ ಕೆಲಸದಲ್ಲಿ ಮಾತ್ರ ಸೇರಿಸಿಕೊಳ್ಳಿ. ಹೀಗೆ ವಿನ್ಯಾಸ ಮಾಡಿದ ಕೋರ್ಸ್ ಅಧ್ಯಾಪಕರಿಲ್ಲದೆ ನಡೆಯುವುದಿಲ್ಲ ಎಂಬುದನ್ನು ಆರು ವಾರದಲ್ಲಿ ಅವರೇ ಕಂಡುಕೊಳ್ಳುತ್ತಾರೆ. ಚರ್ಚೆಗೆ ಉತ್ತರಿಸುವವರು, ಬರೆದದ್ದನ್ನು ತಿದ್ದುವವರು ಬೇಕೇ ಬೇಕು.

ಸಾಮಗ್ರಿಯ ವಿಷಯದಲ್ಲೂ ಇದೇ ಎಚ್ಚರ ಇರಲಿ. ತರಗತಿಯ ಬಳಕೆಗೆ ಕಾನೂನು ಕೊಡುವ ಸಡಿಲಿಕೆ, ಬೇರೆಯವರ ಪುಸ್ತಕ ಸ್ಕ್ಯಾನ್ ಮಾಡಿ ಯೂಟ್ಯೂಬಿಗೋ ಎಲ್ಲರಿಗೂ ತೆರೆದ ಪುಟಕ್ಕೋ ಏರಿಸಲು ಪರವಾನಗಿ ಎಂದು ತಿಳಿಯಬಾರದು. ನಿಮ್ಮ ಎಲ್‌ಎಂಎಸ್‌ನಲ್ಲಿರುವ ಆ ಸ್ಕ್ಯಾನ್ ಟಿಪ್ಪಣಿಗಳಲ್ಲಿ ಎಷ್ಟು ಅಧ್ಯಾಪಕರ ಸ್ವಂತದ್ದು ಎಂದು ಒಮ್ಮೆ ನೋಡಿ.

ಪ್ರಮಾಣಪತ್ರದ ಪ್ರಶ್ನೆ ಉಳಿಯಿತು. ಹಾಜರಿಗೆ ಕೊಡಬೇಡಿ. ಆರನೆಯ ವಾರದ ಕೊನೆಗೂ ಬೇಡ. ಕಟ್ಟಿದ ಘಟಕವನ್ನು ನಿಜವಾದ ತರಗತಿಯ ಮಕ್ಕಳು ಮುಗಿಸಿ, ಅವರು ಎಡವಿದ ಕಡೆ ಅಧ್ಯಾಪಕರು ಏನು ತಿದ್ದಿದರು ಎಂದು ಒಂದು ಪುಟ ಬರೆದುಕೊಟ್ಟ ದಿನ ಕೊಡಿ. ಮೊದಲ ಸುತ್ತಿನಲ್ಲಿ ಆರೇಳು ಜೋಡಿಗಳಲ್ಲಿ ಮೂರು ಅಲ್ಲಿಗೆ ತಲುಪಿದರೂ ನನ್ನ ಮಟ್ಟಿಗೆ ಅದು ಒಳ್ಳೆಯ ಫಸಲು. ಪ್ರಾಚಾರ್ಯರಿಗೆ ಸಂಖ್ಯೆ ಕಡಿಮೆ ಎನ್ನಿಸಬಹುದು. ಆಗ ಹಾಜರಿ ಪಟ್ಟಿಯ ಬದಲು ಆ ಮೂರು ಘಟಕಗಳ ಕೊಂಡಿಯನ್ನೇ ಅವರ ಮೊಬೈಲಿಗೆ ಕಳಿಸಿ, ವಿದ್ಯಾರ್ಥಿಯಾಗಿ ಲಾಗಿನ್ ಆಗಿ ಒಂದನ್ನು ಮುಗಿಸಲು ಹೇಳಿ. ಭಾನುವಾರ ರಾತ್ರಿಯ ಗಡುವು ಅವರಿಗೂ ಇರಲಿ.